ಜೆಟ್ಟಿನ ಜೊತೆ ಮುರಿದದ್ದು

ಶಿವಮೊಗ್ಗದ ಹೊರಗಿನ ಬಯಲಿನಲ್ಲಿ ರಿಮೋಟಿನಿಂದ ಹಾರಿಸುವ ನನ್ನ ಪುಟ್ಟ ಜೆಟ್ ವಿಮಾನ ನೆಲಕ್ಕೆ ಮೂತಿ ಗುದ್ದಿ ಮೂರು ತುಂಡಾಯಿತು. ಮರುಕ್ಷಣವೇ ನಾನು ಗೆಳೆಯನ ಬಾಯಿಗೆ ಗುದ್ದಿದೆ. ನಾನು ಹೇಳಿದಾಗ ಜೆಟ್ಟನ್ನು ಕೈಯಿಂದ ಎಸೆದು ಹಾರಲು ಬಿಟ್ಟವನು ಅವನೇ. ಎಸೆದ ಕೂಡಲೇ ಅದು ಎಡಕ್ಕೆ ವಾಲಿತ್ತು. ನಾನು ರಿಮೋಟಿನ ಸ್ಟಿಕ್ಕನ್ನು ಬಲಕ್ಕೆ ಒತ್ತಿದಷ್ಟೂ ಇನ್ನಷ್ಟು ಎಡಕ್ಕೇ ವಾಲಿತು.

"ನೆಟ್ಟಗೆ ಎಸೆಯೋಕೂ ಬರಲ್ವೇನೋ ನಿಂಗೆ?" ಎಂದು ಇನ್ನೊಂದು ಏಟು ಹಾಕಿದೆ. ಅವನು ರಕ್ತದ ಜೊತೆ ಒಂದು ಹಲ್ಲನ್ನೂ ಉಗಿದ. ತಿರುಗಿ ಹೊಡೆಯಲಿಲ್ಲ. ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಭದ್ರಾವತಿ ಬಸ್ಸು ಹತ್ತಿದ. ಅಲ್ಲಿ ಅವನದು ಕಾರುಗಳ ಒಡೆದ ಬಂಪರ್ ಅಂಟಿಸುವ ಅಂಗಡಿ.

ತಿಂಗಳು ಕಳೆದು ಫೋನ್ ಮಾಡಿ ಕರೆದ. ಬೆಂಚಿನ ಮೇಲೆ ಜೆಟ್ ಇಡಿಯಾಗಿ ಕೂತಿತ್ತು. "ವೈರ್ ಒಂದೂ ಮುಟ್ಟಿಲ್ಲ, ನೀನು ಜೋಡಿಸಿದ ಹಾಗೇ ಇದೆ. ಚೆಕ್ ಮಾಡು" ಎಂದ. ನಾನು ಎಂದಿನಂತೆ ಜೆಟ್ಟಿನ ಮೂತಿಗೆ ಎದುರಾಗಿ ನಿಂತು ಸ್ಟಿಕ್ಕನ್ನು ಬಲಕ್ಕೆ ಒತ್ತಿದೆ. ನನ್ನ ಬಲಗಡೆಯ ರೆಕ್ಕೆಯ ಹಿಂಬದಿಯ ಪಟ್ಟಿ ಮೇಲೆದ್ದಿತು. ಪಟ್ಟಿ ಎದ್ದ ಕಡೆಗೇ ಜೆಟ್ ವಾಲುವುದು.

"ಸರಿ ಇದೆ" ಎಂದೆ.

ಅವನು ನನ್ನ ರಟ್ಟೆ ಹಿಡಿದೆಳೆದು ಜೆಟ್ಟಿನ ಹಿಂದೆ ನಿಲ್ಲಿಸಿದ. "ಈಗ ಒತ್ತು ಮಾರಾಯ."

ಒತ್ತಿದೆ. ಮೇಲೆದ್ದದ್ದು ಎಡರೆಕ್ಕೆಯ ಪಟ್ಟಿ. ಬಲಕ್ಕೆ ತಿರುಗು ಅಂದರೆ ಎಡಕ್ಕೆ ತಿರುಗುವ ಹಾಗೆ ವೈರ್ ಜೋಡಿಸಿದ್ದವನು ನಾನೇ.

ಸಿಟ್ಟು ನೆತ್ತಿಗೇರಿತು. ಜೆಟ್ಟನ್ನು ಪುಡಿ ಮಾಡಲು ಬೆಂಚಿನ ಮೇಲಿದ್ದ ಸುತ್ತಿಗೆ ಎತ್ತಿದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಅದಕ್ಯಾಕೆ ಹೊಡೀತೀಯ? ಅದೂ ನನ್ ಥರಾನೇ, ನೀನು ಹೇಳಿದ್ದು ಮಾಡ್ತು ಅಷ್ಟೆ."

ಹಲ್ಲಿಲ್ಲದ ಸಂದಿಯಿಂದ ಮಾತಿನ ಜೊತೆ ಗಾಳಿಯೂ ಬಂತು.