ತನ್ವಿಯನ್ನು ಎಚ್ಚರವಿಟ್ಟು ಹುಬ್ಬಳ್ಳಿಗೆ

ಬೆಳಿಗ್ಗೆ ಏಳು ಹತ್ತಕ್ಕೆ ತನ್ವಿ ನಿದ್ದೆಹೋದಳು. ನವಲಗುಂದ ಬಿಟ್ಟ ನಮ್ಮ ಬಸ್ಸು ಆಗಷ್ಟೇ ಬೆಣ್ಣಿಹಳ್ಳದ ಸೇತುವೆ ದಾಟಿತ್ತು. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟುವವರೆಗೆ ಅವಳು ಕಣ್ಣು ಮುಚ್ಚಕೂಡದು ಎಂದು ವೈದ್ಯೆ ಹೇಳಿದ್ದರು.

ತನ್ವಿ ನನ್ನ ಅಕ್ಕ ಸವಿತಾಳ ಮಗಳು, ನಾಲ್ಕೂವರೆ ವರ್ಷದವಳು. ಮೂರು ತುಂಬಿದಾಗ ಬಾಗಿಲಲ್ಲಿ ನಿಂತು ದಾರಿಹೋಕರನ್ನೆಲ್ಲ "ಎಲ್ಲಿಗೆ ಹೊಂಟೀರಿ?" ಎಂದು ತಡೆಯುತ್ತಿದ್ದಳು. ಆಮೇಲೆ ಮಾತು ಒಂದೊಂದಾಗಿ ಬಿಟ್ಟುಹೋಯಿತು. ಕರೆದರೆ ತಿರುಗುವುದೂ ನಿಂತಿತು. ಮಾತು ಬರಲೆಂದು ಮನೆಯವರು ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚಿದರು. ಮೊದಲ ವೈದ್ಯರು ಕಿವುಡು ಎಂದರು. ಅವರು ಕೊಡಿಸಿದ ಕಿವಿಯಂತ್ರವನ್ನು ಅವಳು ಕಿತ್ತು ಹಿಟ್ಟಿನ ಡಬ್ಬಿಗೆ ಹಾಕಿದಳು. ಎರಡನೆಯವರು ಕಿವಿ ಸರಿಯಿದೆ, ಬುದ್ಧಿ ಮಂದ ಎಂದರು. ಮೂರನೆಯವರು ಮಗುವನ್ನು ಮುಟ್ಟಲೂ ಇಲ್ಲ. "ಮೊಬೈಲ್ ಕೊಟ್ಟು ನೀವೇ ಕೆಡಿಸೀರಿ" ಎಂದು ಅಕ್ಕನನ್ನು ಬೈದು ಕಳಿಸಿದರು. ಅಕ್ಕ ಬೇಗ ನಂಬಿದ್ದು ಇದನ್ನೇ. ತಾಯಿಯ ತಪ್ಪು ಎನ್ನುವುದಕ್ಕೆ ನಮ್ಮಲ್ಲಿ ಯಾವ ಪರೀಕ್ಷೆಯೂ ಬೇಕಾಗುವುದಿಲ್ಲ.

ಹುಬ್ಬಳ್ಳಿಯ ಮಕ್ಕಳ ನರರೋಗ ವೈದ್ಯೆ ನಾಲ್ಕನೆಯವರು. ಬಂದ ಮಾತು ಹೋಗಿದೆಯೆಂದರೆ ಮಗು ಮಲಗಿರುವಾಗ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ನೋಡಬೇಕು ಎಂದರು. ಪರೀಕ್ಷೆಯ ಕೋಣೆಯಲ್ಲಿ ತಾನಾಗಿ ನಿದ್ದೆ ಬರಬೇಕಾದರೆ ಹಿಂದಿನ ರಾತ್ರಿ ಎಚ್ಚರವಿಡಬೇಕು. ತಪ್ಪಿದರೆ ಮುಂದಿನ ಪಾಳಿ ತಿಂಗಳಾದ ಮೇಲೆ. ಹಾಗಾಗಿ ಭಾವ ರಾತ್ರಿಯಿಡೀ ಅವಳನ್ನು ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ತಿರುಗಿ, ಬೆಳಿಗ್ಗೆ ನಮ್ಮನ್ನು ಬಸ್ಸು ಹತ್ತಿಸಿ ಕೆಲಸಕ್ಕೆ ಹೋದರು.

ಹುಬ್ಬಳ್ಳಿಗೆ ಒಂದು ತಾಸಿನ ದಾರಿ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ್ದರಿಂದ ಬಸ್ಸು ತುಂಬಿತ್ತು. ಹತ್ತಿ ಬಿಡಿಸಲು ಹೊರಟವರು ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಹೊರಗೆ ಕಡಲೆ ಹೊಲಗಳ ಮೇಲೆ ಮಂಜು. ನಾವು ತನ್ವಿಗೆ ಒಗ್ಗರಣೆ ಅವಲಕ್ಕಿ ತಿನ್ನಿಸಿದೆವು, ಅಂಗಾಲಿಗೆ ಕಚಗುಳಿ ಇಟ್ಟೆವು, ಕೊನೆಗೆ ಗಲ್ಲ ಚಿವುಟಿದೆವು. ಬಾಜೂಕ ಕೂತಿದ್ದ ಮುದುಕಿ ನಮ್ಮತ್ತ ತಿರುಗಿದಳು.

"ಎಂಥಾ ಹೆಂಗಸರವಾ ನೀವು? ತೂಕಡಸೋ ಕೂಸಿನ್ನ ಚಿವುಟತೀರಿ."

"ಮಲಗಸಬಾರದಂತ ಡಾಕ್ಟರ್ ಹೇಳ್ಯಾರ್ರಿ, ಅಜ್ಜಿ" ಎಂದಳು ಅಕ್ಕ.

"ಹಡದಾನೇನು ಅಂವಾ? ಕೊಡ ಇಲ್ಲೆ."

ಅಕ್ಕ ನೀರಿನ ಬಾಟಲಿಗೆಂದು ಬಗ್ಗಿದ್ದಳು. ಅಷ್ಟರಲ್ಲಿ ಮುದುಕಿ ಮಗುವನ್ನು ಎತ್ತಿ ತೊಡೆಗೆ ಹಾಕಿಕೊಂಡು, ಸೆರಗು ಮುಚ್ಚಿ ತಟ್ಟಿದಳು. ಎರಡು ನಿಮಿಷವೂ ಬೇಕಾಗಲಿಲ್ಲ. ನಾನು ಎಬ್ಬಿಸಲು ಕೈ ಚಾಚಿದರೆ ಆಕೆ ತಡೆದಳು.

"ತಡಿ ತಂಗಿ. ಶೆಟಿಗೆವ್ವ ನಗಸಾಕತ್ತಾಳ. ಈಗ ಎಬ್ಬಸಬಾರದು."

ಹುಟ್ಟಿದ ಐದನೇ ದಿನ ಬಂದು ಹಣೆಬರಹ ಬರೆಯುವ ದೇವಿ ಶೆಟಿಗೆವ್ವ. ಮಗು ನಿದ್ದೆಯಲ್ಲಿ ನಕ್ಕರೆ ಅವಳು ಆಡಿಸುತ್ತಿದ್ದಾಳೆ ಎನ್ನುತ್ತಾರೆ ನಮ್ಮವರು. ಆಗ ಯಾರೂ ಮಗುವನ್ನು ಮುಟ್ಟುವುದಿಲ್ಲ. ಅಕ್ಕನ ಮುಖದಲ್ಲಿ ಬಹಳ ದಿನಗಳ ನಂತರ ಗೆಲುವು ಕಂಡಿತು. "ನಮ್ಮ ಮನ್ಯಾಗೂ ದಿನಾ ರಾತ್ರಿ ಹಿಂಗ ನಗತಾಳ್ರಿ. ಅತ್ತಿ ಎದ್ದ ನೋಡಿ ಕೈ ಮುಗೀತಾರ."

ನಾನು ಬಗ್ಗಿ ನೋಡಿದೆ. ತುಟಿಯ ಎಡ ಮೂಲೆ ಮಾತ್ರ ಎಳೆಯುತ್ತಿತ್ತು. ಬಿಟ್ಟು ಬಿಟ್ಟು ಎಳೆಯುತ್ತಿತ್ತು, ತಾಳ ಹಾಕಿದ ಹಾಗೆ.

"ಯಾವಾಗಿನಿಂದ, ಅಕ್ಕಾ?"

"ಮಾತ ಬಿಡೂಕಿಂತ ಮೊದಲಿನಿಂದ."

"ಡಾಕ್ಟರಿಗೆ ಹೇಳೀಯೇನು?"

"ನಗೂದನ್ನ ಏನಂತ ಹೇಳೂದಲೇ?"

ಅವಳು ಅಷ್ಟು ಹೇಳುವಷ್ಟರಲ್ಲಿ ಮಗುವಿನ ಎಡಗೈಯೂ ಸೆಳೆಯತೊಡಗಿತು, ಮತ್ತೆ ಮೈಯೆಲ್ಲ. ಮುದುಕಿ ಸೊಂಟದ ಕೀಲಿ ಗೊಂಚಲು ಬಿಚ್ಚಿ ಮಗುವಿನ ಮುಷ್ಟಿಗೆ ಒತ್ತಿದಳು; ಕಬ್ಬಿಣ ಹಿಡಿದರೆ ಮೂರ್ಛೆ ಇಳಿಯುತ್ತದೆಂಬ ನಂಬಿಕೆ. ಯಾರೋ ಚಪ್ಪಲಿ ಮೂಸಿಸಿ ಎಂದರು. ಹಿಂದಿನ ಸೀಟಿನ ಒಬ್ಬಾತ "ನೀರ ಹಾಕ್ರಿ, ನೀರ ಹಾಕ್ರಿ" ಎನ್ನುತ್ತ ಕಚ್ಚಿದ ಹಲ್ಲುಗಳ ನಡುವೆ ಬಾಟಲಿ ಬಗ್ಗಿಸಿದ. ಒಳ್ಳೆಯ ಮನುಷ್ಯನೇ ಇರಬೇಕು. ಆ ಕೈ ಮತ್ತು ಆ ಬಾಟಲಿ ನನಗೆ ಈಗಲೂ ಕಾಣುತ್ತವೆ. ಮಗುವಿನ ಉಸಿರು ಕಟ್ಟಿತು, ತುಟಿ ನೇರಳೆಯಾಯಿತು. ನಾನು ಬಾಟಲಿ ತಳ್ಳಿ, ಮಗುವನ್ನು ಕಸಿದು ಮಗ್ಗುಲಾಗಿಸಿದೆ. ನೀರು, ನೊರೆ, ಅವಲಕ್ಕಿ ನನ್ನ ಮಡಿಲಿಗೆ ಬಂದವು. ಆಮೇಲೆ ಒಂದು ಉಸಿರು ಬಂತು. ಅದಕ್ಕೂ ಮೊದಲು ಎಷ್ಟು ಹೊತ್ತು ಕಳೆಯಿತೋ ಹೇಳಲಾರೆ.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ. "ಮೂರ್ಛಿ ಬರೋ ಕೂಸು ಅಂತ ಮೊದಲ ಹೇಳಬಾರದೇನ್ರಿ ಅಕ್ಕಾರ?"

"ನಮಗ ಯಾರರ ಹೇಳಿದ್ರ, ನಿಮಗ ಹೇಳತಿದ್ದಿವ್ರಿ" ಎಂದಳು ಅಕ್ಕ.

ಆತ ಡ್ರೈವರನತ್ತ ಹೋದ. ಹುಬ್ಬಳ್ಳಿಯವರೆಗೆ ಬಸ್ಸು ಎಲ್ಲೂ ನಿಲ್ಲಲಿಲ್ಲ. ಇಳಿಯಬೇಕಾಗಿದ್ದವರೂ ಸುಮ್ಮನೆ ಕೂತಿದ್ದರು.

ಆಸ್ಪತ್ರೆಯಲ್ಲಿ ಮೊದಲು ಎದೆ ಪರೀಕ್ಷಿಸಿದರು. ನೀರು ಒಳಗೆ ಹೋಗಿರಲಿಲ್ಲ. ಸುಸ್ತಾಗಿ ಮಲಗಿದ್ದವಳ ತಲೆಗೆ ಹಾಗೆಯೇ ತಂತಿಗಳನ್ನು ಅಂಟಿಸಿದರು. ವೈದ್ಯೆ ಪರದೆ ನೋಡುತ್ತ ಕೇಳಿದರು: "ರಾತ್ರಿ ನಿದ್ದ್ಯಾಗ ಮುಖಾ ಎಳೀತಿತ್ತೇನ್ರಿ?"

"ಎಳೀತಿರಲಿಲ್ರಿ. ನಗತಿದ್ಲು" ಎಂದು ಅಕ್ಕ ತಪ್ಪು ತಿದ್ದುವವಳಂತೆ ಹೇಳಿದಳು.

ಅದು ನಗುವಲ್ಲ, ಮೂರ್ಛೆ. ಮುಖ ಎಳೆಯದೆ ಇದ್ದಾಗಲೂ ನಿದ್ದೆ ಹತ್ತಿದೊಡನೆ ಮಿದುಳಿನಲ್ಲಿ ಮೂರ್ಛೆಯ ಅಲೆ ಏಳುತ್ತಿತ್ತು, ಮಾತನ್ನು ತಿಳಿಯುವ ಜಾಗದಲ್ಲೇ. ಮಗು ಕಿವುಡಲ್ಲ, ಮಂದಬುದ್ಧಿಯದೂ ಅಲ್ಲ. ಹಗಲು ಕಲಿತದ್ದನ್ನು ರಾತ್ರಿ ಅಳಿಸುತ್ತಿತ್ತು ಈ ರೋಗ. ಹಿಂದಿನ ಮೂವರಲ್ಲಿ ಒಬ್ಬರೂ ಮಗು ಹೇಗೆ ಮಲಗುತ್ತದೆ ಎಂದು ಕೇಳಿರಲಿಲ್ಲ.

"ಮಾತು ಪೂರಾ ಬರತಾವೇನ್ರಿ?" ಎಂದು ಅಕ್ಕ ಕೇಳಿದಳು.

"ಒಂದು ವರ್ಷ ಮೊದಲ ಬಂದಿದ್ರ ಧೈರ್ಯಲೇ ಹೇಳತಿದ್ದೆ."

ವರ್ಷದ ಹಿಂದೆಯೂ ನಾವು ಇದೇ ಊರಿಗೆ ಬಂದಿದ್ದೆವು, ಕಿವಿಯಂತ್ರ ಕೊಳ್ಳಲು.

ಎರಡು ದಿನ ಇಟ್ಟುಕೊಂಡು, ಔಷಧ ಶುರುಮಾಡಿ ಕಳಿಸಿದರು. ಮರಳುವಾಗ ಬಸ್ಸು ಖಾಲಿಯಿತ್ತು, ಬೆಣ್ಣಿಹಳ್ಳದ ಮೇಲೆ ಬಿಸಿಲು ಬಿದ್ದಿತ್ತು. ಈಗ ತನ್ವಿ ಮಲಗಬಹುದಾಗಿತ್ತು. ಆದರೂ ಅವಳ ರೆಪ್ಪೆ ಜೋತುಬಿದ್ದಾಗಲೆಲ್ಲ ಅಕ್ಕ ಗಲ್ಲ ತಟ್ಟಿ ಎಬ್ಬಿಸುತ್ತಿದ್ದಳು.

ಆಮೇಲೆ ಅಕ್ಕನ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಔಷಧ ಎರಡು ಸಲ ಬದಲಾಯಿತು. ಮೊದಲು ಕೈ ಮುಗಿಯುತ್ತಿದ್ದ ಅಕ್ಕನ ಅತ್ತೆ ಈಗ ಅದೇ ಮುಖವನ್ನು ಬೆಳಗಿನವರೆಗೆ ಕಾಯುತ್ತಿದ್ದರು. ಮಾತು ಇನ್ನೂ ಬಂದಿಲ್ಲ. ಆದರೆ ಕರೆದರೆ ಕೆಲವೊಮ್ಮೆ ತಿರುಗುತ್ತಾಳೆ.

ಶಿವರಾತ್ರಿಯ ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅತ್ತೆ ಎಂದೂ ಜಾಗರಣೆ ತಪ್ಪಿಸಿದವರಲ್ಲ.

"ಊರೆಲ್ಲಾ ಎಚ್ಚರಿತ್ತು. ನಮ್ಮ ಮನ್ಯಾಗ ಅತ್ತಿನೂ ಮಲಗಿದ್ರು. ಬೆಳಗಾದಮ್ಯಾಲನ ಎದ್ವಿ ಎಲ್ಲಾರೂ."

"ತನ್ವಿ?"

"ನನಗ ನಿದ್ದಿ ಹತ್ತೂತನಾ ನೋಡಿದೆ" ಎಂದಳು. "ಒಮ್ಮೆನೂ ನಗಲಿಲ್ಲ."