ನನಗಿಲ್ಲದ ಕನ್ನಡಕ

ಗುಜರಾತು ಬೇರೆ ರಾಜ್ಯವಾಗಿ ಎರಡೋ ಮೂರೋ ವರ್ಷವಾಗಿತ್ತು. ನಾನು ಮೈಸೂರಿನಿಂದ ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಟೈಪಿಸ್ಟಾಗಿ ಬಂದು ಹತ್ತು ತಿಂಗಳು. ಕೆಲಸ ಖಾಯಂ ಆಗಲು ಇನ್ನೆರಡು ತಿಂಗಳಿತ್ತು. ನನಗಿದ್ದ ಒಂದೇ ವಿದ್ಯೆ ಇನ್ನೊಬ್ಬರ ದನಿಯಲ್ಲಿ ಮಾತಾಡುವುದು. ಸ್ವಂತ ದನಿ ಇತ್ತೋ ಇಲ್ಲವೋ, ಯಾರೂ ವಿಚಾರಿಸಿರಲಿಲ್ಲ.

ಮಣಿನಗರದ ಕೋಣೆಯಲ್ಲಿ ನನ್ನ ಜೊತೆಗಿದ್ದವರು ನಮ್ಮದೇ ಕಚೇರಿಯ ಹೆಡ್ ಕ್ಲಾರ್ಕ್, ಧಾರವಾಡ ಕಡೆಯ ಕ್ರೈಸ್ತರು. ಅವರದೊಂದು ಅಭ್ಯಾಸವಿತ್ತು. ಸಂಜೆ ಐದೂವರೆಗೆ ಶಾಯಿ ದೌತಿಯ ಮುಚ್ಚಳ ತಿರುಗಿಸಿ, ಆ ದಿನ ಯಾರಿಗೆ ಬಿರುಸಾಗಿ ಮಾತಾಡಿದ್ದರೋ ಅವರ ಮೇಜಿಗೆ ಚಪ್ಪಲಿ ಎಳೆಯುತ್ತ ಹೋಗಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, “ತಪ್ಪು ನನ್ನದು, ಕ್ಷಮಿಸು” ಎನ್ನುವುದು. ಗುಜರಾತಿಗಳಿಗಾದರೆ ಅದನ್ನೇ ಧಾರವಾಡದ ಹಿಂದಿಯಲ್ಲಿ.

“ದಿನಾ ಯಾಕಣ್ಣಾ ಈ ಮೆರವಣಿಗೆ?” ಎಂದು ಬಂದ ಹೊಸತರಲ್ಲೇ ಕೇಳಿದ್ದೆ.

“ಸಂಜೀಕ ಪ್ರಾರ್ಥನಾಕ್ಕ ಕುಂತರ ಬೈಸಿಕೊಂಡವರ ಮಾರಿ ಅಡ್ಡ ಬರತೈತಿ ತಮ್ಮಾ. ಏಸುಸ್ವಾಮಿ ಹಿಂದ ಉಳೀತಾನ.”

ಮರುದಿನ ಊಟದ ಹೊತ್ತಿಗೆ ನಾನು ಅದನ್ನೇ ಆಡಿ ತೋರಿಸಿದೆ. ಚಪ್ಪಲಿಯ ಸದ್ದು, ಇಲ್ಲದ ಕನ್ನಡಕ ತೆಗೆಯುವುದು, ಎಲ್ಲವೂ. ನಕ್ಕವರು ನಾಳೆಯೂ ಬೇಕೆಂದರು. ಹಾಗೆ ತಿಂಗಳುಗಟ್ಟಲೆ ನಡೆಯಿತು.

ನಮ್ಮ ಕಚೇರಿಯ ಪ್ಯೂನಿಗೆ ಐವತ್ತು ದಾಟಿತ್ತು. ಸೂರತ್ತಿಗೆ ಕೊಟ್ಟ ಮಗಳು ಒಂದು ಮಧ್ಯಾಹ್ನ ರೈಲಿನಲ್ಲಿ ಅಹಮದಾಬಾದ್ ದಾಟಿ ಮುಂದೆ ಹೋಗುವವಳಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ಮುಖ ನೋಡಬೇಕು, ಸಾಹೇಬರನ್ನು ಕೇಳಲು ಹೆದರಿಕೆ ಎಂದು ಅವನು ಬೆಳಗಿನಿಂದ ಗೊಣಗುತ್ತಿದ್ದ. ನನ್ನ ನಾಲಿಗೆ ತುರಿಸಿತು. ಒಳಕೋಣೆಯ ಫೋನಿನಿಂದ ಬಾಗಿಲ ಬಳಿಯ ಫೋನಿಗೆ ಕರೆದು, ಸಾಹೇಬರ ಮೂಗಿನ ದನಿಯಲ್ಲಿ ಹೇಳಿದೆ: “ಇವತ್ತು ಮನೆಗೆ ಹೋಗು. ಸಮಜ್ಯಾ ನೆ?” ‘ತಿಳಿಯಿತಲ್ಲ?’ ಎಂಬ ಆ ಗುಜರಾತಿ ಬಾಲ ಸಾಹೇಬರ ಪ್ರತಿ ಮಾತಿಗೂ ಇರುತ್ತಿತ್ತು.

ನಕ್ಕುಬಿಡೋಣವೆಂದು ಹೊರಗೆ ಬರುವಷ್ಟರಲ್ಲಿ ಅವನಿರಲಿಲ್ಲ. ರೆಕಾರ್ಡು ಬೀರುವಿನ ಕೀಲಿಕೈ ಅವನ ಸೊಂಟದಲ್ಲೇ ಹೋಗಿತ್ತು. ಮೂರು ಗಂಟೆಗೆ ಮುಂಬಯಿಯಿಂದ ತಪಾಸಣೆಗೆ ಅಧಿಕಾರಿ ಬಂದರು. ಬೀರು ತೆರೆಯಲಿಲ್ಲ. ಸಾಹೇಬರು ಅವರೆದುರು ಬೆವರುತ್ತ ನಿಂತದ್ದನ್ನು ನಾವೆಲ್ಲ ನೋಡಿದೆವು.

ಮರುದಿನ ಪ್ಯೂನ್ ಒಂದೇ ಮಾತು ಹೇಳಿದ: “ನೀವೇ ಫೋನಿನಲ್ಲಿ ಹೋಗು ಅಂದಿರಿ, ಸಾಹೇಬ್.” ಸಾಹೇಬರು ತಾವು ಫೋನೇ ಮಾಡಿಲ್ಲ ಎಂದರು. ಯಾರೂ ಅವನನ್ನು ನಂಬಲಿಲ್ಲ. ಅವನನ್ನು ಕೆಲಸದಿಂದ ತೆಗೆಯುವ ಕಾಗದ ಮಧ್ಯಾಹ್ನ ಟೈಪಿಗೆ ಬಂತು, ನನ್ನ ಮೇಜಿಗೇ. ಆರು ಗಂಟೆಗೆ ರುಜು.

ನಾನು ಟೈಪು ಮಾಡಿದೆ. ನಾಲ್ಕು ಸಲ ತಪ್ಪಿತು, ನಾಲ್ಕು ಹಾಳೆ ಹರಿದೆ. ಬಾಯಿ ಬಿಟ್ಟರೆ ನನ್ನ ಕೆಲಸ, ಬಿಡದಿದ್ದರೆ ಅವನದು. ಊರಲ್ಲಿ ಅಪ್ಪ ಮಗನಿಗೆ ಸರ್ಕಾರಿ ನೌಕರಿ ಎಂದು ಕ್ಷೌರದಂಗಡಿಯವರೆಗೂ ಸಾರಿದ್ದರು.

ಐದೂವರೆಗೆ ದೌತಿಯ ಮುಚ್ಚಳ ತಿರುಗಿತು. ಹೆಡ್ ಕ್ಲಾರ್ಕರು ಎದ್ದು ಬಾಗಿಲ ಬಳಿ ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದ ಪ್ಯೂನಿನ ಹತ್ತಿರ ಹೋದರು. ಕನ್ನಡಕ ತೆಗೆದರು.

“ಬೆಳಗ್ಗೆ ನೀನು ಸುಳ್ಳು ಹೇಳುತ್ತೀಯ ಅಂದುಕೊಂಡೆ, ಭಾಯಿ,” ಎಂದರು ಹಿಂದಿಯಲ್ಲಿ. “ವಿಚಾರಿಸದೇ ಅಂದುಕೊಂಡೆ. ಮಾಫ್ ಕರನಾ.”

ಬರೀ ಅಂದುಕೊಂಡದ್ದಕ್ಕೆ! ಕೇಳಿದ ಪ್ಯೂನ್ ಟೋಪಿ ತೆಗೆದು ಮುಖ ಒರೆಸಿಕೊಂಡ.

ಕಾಗದ ಹಿಡಿದು ನಾನು ಬಾಗಿಲು ತೆರೆದೇ ಇದ್ದ ಸಾಹೇಬರ ಕೋಣೆಗೆ ಹೋದೆ. ರುಜು ಹಾಕಿಸಿಕೊಂಡು ಬರುವುದೆಂದೇ ಹೋದದ್ದು, ಧೈರ್ಯದ ಮಾತು ಬೇಡ. ಆದರೆ ಮೇಜಿನ ಮುಂದೆ ನಿಂತದ್ದೇ, ನನ್ನ ಕೈ ತಾನಾಗಿ ಮೇಲೆದ್ದು ಕಿವಿಯ ಪಕ್ಕದಿಂದ ಇಲ್ಲದ ಕನ್ನಡಕ ತೆಗೆಯಿತು. ತಿಂಗಳುಗಟ್ಟಲೆ ಗೇಲಿಗೆ ಆಡಿದ್ದ ಮಾತು ಅದರ ಹಿಂದೆಯೇ ಬಂತು.

“ತಪ್ಪು ನನ್ನದು, ಸಾಹೇಬ್. ಫೋನು ಮಾಡಿದವನು ನಾನು.”

“ಅವನನ್ನು ಉಳಿಸಲು ಹೇಳುತ್ತಿದ್ದೀಯ. ನನ್ನ ದನಿ ನನಗೆ ಗೊತ್ತಿಲ್ಲವೇ? ಹೇಳು ನೋಡೋಣ.”

ಹೇಳಿದೆ. ಮೂಗು ಮೋಸ ಮಾಡಲಿಲ್ಲ. “ಸಮಜ್ಯಾ ನೆ?” ಎಂಬಲ್ಲಿಗೆ ಬಂದಾಗ ಸಾಹೇಬರ ಮುಖ ಕೆಂಪಾಯಿತು. ಯಾರೂ ನಗದ ನನ್ನ ಒಂದೇ ಆಟ ಅದು. ಅವರು ಕಾಗದವನ್ನು ಎರಡಾಗಿ ಹರಿದು, ನಿನ್ನ ವಿಷಯ ಮೇಲಕ್ಕೆ ಬರೆಯುತ್ತೇನೆ ಎಂದರು.

ಪ್ಯೂನಿನ ಹತ್ತಿರ ಹೋಗಿ ಅದನ್ನೇ ಮತ್ತೊಮ್ಮೆ ಒಪ್ಪಿಕೊಂಡೆ. ಅವನು ಟೋಪಿ ತಲೆಗಿಟ್ಟುಕೊಂಡು ಎದ್ದ.

“ಮಗಳನ್ನಂತೂ ನೋಡಿದೆ, ಬಾಬು. ಇನ್ನು ಮೇಲೆ ನೀನು ರಜ ಕೊಡಬೇಡ.”

ಮಣಿನಗರಕ್ಕೆ ಹೋಗುವ ರೈಲಿನಲ್ಲಿ ಹೆಡ್ ಕ್ಲಾರ್ಕರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮೇಲಿನಿಂದ ಏನು ಬರುತ್ತದೋ ಎಂದು ನಾನು ಉಗುರು ಕಚ್ಚುತ್ತಿದ್ದೆ.

“ಚಲೋ ಮಾಡಿದಿ,” ಎಂದರು. “ಆದರ ಚಷ್ಮಾ ಬಲಗೈಲೆ ತಗೀತೇನಿ ನಾ. ನೀ ಎಡಗೈಲೆ ತಗದಿ.”

ನಾನು ಅವರನ್ನು ಅಣಕಿಸುತ್ತಿದ್ದದ್ದು ಇಷ್ಟು ದಿನವೂ ಅವರಿಗೆ ಗೊತ್ತಿತ್ತು. ಮೇಲಿನಿಂದ ಉತ್ತರ ಬರಲು ಏಳು ವಾರ ಹಿಡಿಯಿತು; ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಆ ವರ್ಷವೆಲ್ಲ ಐದೂವರೆ ಸಮೀಪಿಸಿದಂತೆ, ಇವತ್ತು ಯಾರನ್ನು ನೋಯಿಸಿದೆನೋ ಎಂದು ಎಣಿಸತೊಡಗುತ್ತಿದ್ದೆ. ನನ್ನ ಬಾಯಿಯ ದೆಸೆಯಿಂದ ಪಟ್ಟಿ ಉದ್ದವೇ ಇರುತ್ತಿತ್ತು.