ಸೆಲಿನಕ್ಕನ ಭರಣಿ

ಆಗೆಲ್ಲ ಬೇಸಗೆ ರಜೆಗೆ ಮಕ್ಕಳನ್ನು ಅಜ್ಜಿಮನೆಗೆ ಕಳಿಸುತ್ತಿದ್ದರು. ನನ್ನನ್ನು ಮಾತ್ರ ಒಂದು ಬೇಸಗೆಯಲ್ಲಿ ಬೇರೆಯವರ ಮನೆಗೆ ಕಳಿಸಿದರು. ಅಲ್ಲಿ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಭರಣಿ ಕಂದು ಬಣ್ಣದ್ದೋ ಬಿಳಿಯದೋ, ನಾನು ಕುಡಿದದ್ದು ಮೂರು ಸಲವೋ ಆರು ಸಲವೋ, ನೀರು ಹಾಕಿದ್ದು ನಿಜವೋ ಅಥವಾ ಆಮೇಲೆ ಹೆದರಿ ನಾನೇ ಕಟ್ಟಿಕೊಂಡದ್ದೋ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಪುರಾವೆ ಇಲ್ಲದ್ದನ್ನು ನಂಬಬಾರದು ಎಂದು ಅಲ್ಲಿ ಕಲಿತೆ. ಈ ಒಂದು ವಿಷಯದಲ್ಲಿ ಆ ಪಾಠ ನನಗೆ ತುಂಬ ಅನುಕೂಲವಾಯಿತು.

ಆಗ ನನಗೆ ಹತ್ತು ವರ್ಷ. ಮನೆ ಕದ್ರಿಯಲ್ಲಿ. ಅಮ್ಮ ಬಲ್ಮಠದ ಒಂದು ಶಾಲೆಯಲ್ಲಿ ಟೀಚರ್. ತಂಗಿ ಹುಟ್ಟುವುದಕ್ಕೆ ತಿಂಗಳಿರುವಾಗ ಡಾಕ್ಟರು ಅಮ್ಮನಿಗೆ ಮಲಗಿಯೇ ಇರಬೇಕೆಂದರು. ಅದೇ ಶಾಲೆಯ ಲೀನಾ ಟೀಚರ್, "ಇವ ನಮ್ಮ ಅಮ್ಮನ ಮನೆಗೆ ಬರ್ಲಿ ಮಾರಾಯ್ತಿ. ಗುಡ್ಡೆ ಉಂಟು, ಗದ್ದೆ ಉಂಟು, ಹೊತ್ತು ಹೋಗ್ತದೆ" ಎಂದು ನನ್ನನ್ನು ಸುರತ್ಕಲ್‌ನಿಂದ ಸಾಕಷ್ಟು ಒಳಗಿದ್ದ ತಮ್ಮ ತಾಯಿಮನೆಗೆ ಕರೆದುಕೊಂಡು ಹೋದರು.

ಅಲ್ಲಿದ್ದವರು ಟೀಚರ ತಾಯಿ, ಊರಿಗೆಲ್ಲ ಬಾಯಮ್ಮ. ಮೇ ತಿಂಗಳಲ್ಲಿ ಮದುವೆ ಗೊತ್ತಾಗಿದ್ದ ಕಿರಿಮಗಳು. ಮತ್ತೆ ಸೊಸೆ ಸೆಲಿನಕ್ಕ. ಸೆಲಿನಕ್ಕನ ಗಂಡ ಗಲ್ಫಿನಲ್ಲಿದ್ದರು.

ಪೇಟೆಯ ಹುಡುಗನಿಗೆ ಅದು ಬೇರೆಯೇ ಲೋಕ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಆಮೇಲೆ ಗೇರುಗುಡ್ಡೆ. ಬಿದ್ದ ಹಣ್ಣಿಗೆ ಉಪ್ಪು ಹಾಕಿ ತಿಂದರೆ ಗಂಟಲು ಕೆರೆಯುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಅಂಗಿಗೆ ಹತ್ತಿದ ಕಲೆ ಶಾಲೆ ಶುರುವಾದ ಮೇಲೂ ಹೋಗಲಿಲ್ಲ. ಮಧ್ಯಾಹ್ನ ತೆಂಗಿನ ಮಡಲಿನ ಮೇಲೆ ಕುಳಿತು ಗುಡ್ಡೆಯಿಂದ ಜಾರುವುದು. ಸಂಜೆ ತೂತು ಬಿದ್ದ ತಗಡಿನಲ್ಲಿ ಗೇರುಬೀಜ ಸುಡುವುದು. ಹೊಗೆ ಕಣ್ಣಿಗೆ ಬಡಿದು ನೀರು ಬರುವಾಗ ಸೆಲಿನಕ್ಕ, "ಅಮ್ಮನ ನೆನಪಾ?" ಎಂದು ಕೀಟಲೆ ಮಾಡುತ್ತಿದ್ದರು.

ಅಡುಗೆಮನೆಯ ಪಕ್ಕದ ಕತ್ತಲೆಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಆ ಭರಣಿ ಇತ್ತು. ಮದುವೆಯ ವೈನು. ಆ ಮನೆಯಲ್ಲಿ ಅದನ್ನು ಯಾವಾಗಲೂ ಬಾಯಮ್ಮನೇ ಮಾಡುತ್ತಿದ್ದರಂತೆ. ಆ ವರ್ಷ ಮೊದಲ ಬಾರಿಗೆ ಸೊಸೆಯ ಕೈಗೆ ಹೊಸ ಸೌಟು ಕೊಟ್ಟಿದ್ದರು. ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ, ಚಕ್ಕೆ. ಒಣಗಿದ ಮರದ ಸೌಟಿನಲ್ಲಿ ಇಪ್ಪತ್ತೊಂದು ದಿನ ತಿರುಗಿಸಬೇಕು, ನೀರಿನ ಪಸೆ ತಾಗಬಾರದು. ನಾನು ಹೋದ ದಿನ ಅದನ್ನು ಸೋಸಿ ತಿರುಗಿ ಭರಣಿಗೆ ಹಾಕುತ್ತಿದ್ದರು. ಬಾಯಮ್ಮ ಸೌಟನ್ನು ತಳಕ್ಕೆ ಊರಿ ನಿಲ್ಲಿಸಿ, ವೈನು ಮುಟ್ಟಿದಲ್ಲಿ ಚಾಕುವಿನಿಂದ ಗೆರೆ ಕೊರೆದರು. ಅದು ಅವರ ಕ್ರಮ. ಯಾಕೆಂದು ನಾನು ಯೋಚಿಸಲಿಲ್ಲ.

ಎರಡು ದಿನ ಕಳೆದು, ಬಾಯಮ್ಮ ಪ್ರಾರ್ಥನೆಗೆ ಇಗರ್ಜಿಗೆ ಹೋಗಿದ್ದಾಗ ಸೆಲಿನಕ್ಕ ನನಗೆ ಒಂದು ಚಮಚ ಕೊಟ್ಟರು.

"ಒಂದೇ. ನಿನ್ನ ಅಮ್ಮನಿಗೆ ಹೇಳಿದ್ರೆ ನನ್ನ ಕತೆ ಮುಗೀತು. ಹೇಗುಂಟು?"

"ಕೆಮ್ಮಿನ ಮದ್ದಿನ ಹಾಗೆ ಉಂಟು."

"ಕೆಮ್ಮಿನ ಮದ್ದಾ? ಇಪ್ಪತ್ತೊಂದು ದಿನ ಕೈ ನೋಯಿಸಿಕೊಂಡದ್ದು ಇದಕ್ಕಾ ಮಾರಾಯ?" ಎಂದು ಅವರು ನಗುತ್ತ ನನ್ನ ತಲೆಗೆ ಮೊಟಕಿದರು.

ರುಚಿ ನಿಜಕ್ಕೂ ಹಿಡಿಸಿರಲಿಲ್ಲ. ನುಂಗಿದ ಮೇಲೆ ಎದೆಯಲ್ಲಿ ಇಳಿಯುವ ಬಿಸಿ ಹಿಡಿಸಿತ್ತು. ಮರುದಿನದಿಂದ ಮಧ್ಯಾಹ್ನ ಎಲ್ಲರೂ ಮಲಗಿರುವಾಗ ನಾನೇ ಬಟ್ಟೆ ಬಿಚ್ಚಿ ಸ್ಟೀಲಿನ ಲೋಟ ಅದ್ದತೊಡಗಿದೆ. ಲೋಟ ಒದ್ದೆ ಇತ್ತೇ? ಇದ್ದಿರಬೇಕು. ಒಂದು ದಿನ ಬಗ್ಗಿ ನೋಡುವಾಗ ವೈನು ತುಂಬ ಇಳಿದ ಹಾಗೆ ಕಂಡಿತು. ಮನೆಯಲ್ಲಿ ಹಾಲು ಕದ್ದು ಕುಡಿದಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಬಾವಿಕಟ್ಟೆಯಿಂದ ಒಂದು ಚೆಂಬು ನೀರು ತಂದು ಸುರಿದೆ. ಹಾಗೆಂದು ನನ್ನ ನೆನಪು.

ಮದುವೆಗೆ ಮೂರು ದಿನ ಇರುವಾಗ ಭರಣಿ ತೆರೆದರು. ಮೇಲೆ ಬಿಳಿ ಕೆನೆ ಕಟ್ಟಿತ್ತು. ಹುಳಿ ವಾಸನೆ ಜಗಲಿಯವರೆಗೆ ಬಂತು. ಬಾಯಮ್ಮ ಸೌಟು ಊರಿ, ಎತ್ತಿ, ಬೆಳಕಿಗೆ ಹಿಡಿದರು. ಅವರು ಆಡಿದ್ದು ಕೊಂಕಣಿಯಲ್ಲಿ. ಆ ದಿನಗಳಲ್ಲಿ ನನಗೆ ಅದು ಅರ್ಧ ತಿಳಿಯುತ್ತಿತ್ತು.

"ಕುಳಿತ ವೈನು ಇಳಿಯುತ್ತದೆ. ಇದು ಎರಡು ಬೆರಳು ಏರಿದೆ. ಎಷ್ಟು ಬಾಟ್ಲಿ ತೆಗೆದು ನೀರು ತುಂಬಿಸಿದೆ?"

"ನಾನು ಮುಟ್ಟಲಿಲ್ಲ ಮಾಂಯ್." ಅತ್ತೆಯನ್ನು ಅವರು ಹಾಗೆ ಕರೆಯುತ್ತಿದ್ದರು.

"ಮೊನ್ನೆ ನಿನ್ನ ತಮ್ಮ ಸೈಕಲಿನಲ್ಲಿ ಬಂದಿದ್ದನಲ್ಲ. ಬರುವಾಗ ಹಲಸಿನ ಹಣ್ಣು ತಂದ. ಹೋಗುವಾಗ ಎಂತ ಕಟ್ಟಿಕೊಂಡು ಹೋದ?"

ಸೆಲಿನಕ್ಕ ನನ್ನ ಕಡೆ ನೋಡಿದರು. ನನ್ನ ಹೆಸರು ಹೇಳಬೇಕಾದರೆ ಮೊದಲು ತಾವು ಕೊಟ್ಟ ಆ ಒಂದು ಚಮಚವನ್ನು ಹೇಳಬೇಕಿತ್ತು. ನಾದಿನಿಯ ಸ್ನೇಹಿತೆ ನಂಬಿ ಕಳಿಸಿಕೊಟ್ಟ ಮಗುವಿಗೆ, ಅದೂ ಕುಡಿತವೆಂದರೆ ಮುಖ ಸಿಂಡರಿಸುವ ಮನೆಯ ಮಗುವಿಗೆ, ವೈನು ಕೊಟ್ಟದ್ದನ್ನು. ಅವರು ಹೇಳಲಿಲ್ಲ. ನಾನು ಮೂಲೆಯಲ್ಲಿ ಕುಳಿತು ಗೇರುಬೀಜ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಮದುವೆಗೆ ವೈನು ಬೇರೆ ಮನೆಯಿಂದ ಬಂತು. ಭರಣಿಯಲ್ಲಿದ್ದದ್ದು ವಿನೆಗರ್ ಎಂದು ಹಂದಿಮಾಂಸಕ್ಕೆ, ಉಪ್ಪಿನಕಾಯಿಗೆ ಹೋಯಿತು. ಊಟದ ಹೊತ್ತಿಗೆ ಯಾರೋ ನೆಂಟರು, "ಸೆಲಿನ್, ವೈನ್ ಬೇಡ, ಉಪ್ಪಿನಕಾಯಿಗೆ ಒಂದು ಬಾಟ್ಲಿ ಕೊಡು" ಎಂದರು. ಚಪ್ಪರದ ತುಂಬ ನಗು. ನಾನೂ ನಕ್ಕೆ. ಇದರ ಬಗ್ಗೆ ಮಾತ್ರ ನನಗೆ ಯಾವ ಸಂಶಯವೂ ಇಲ್ಲ.

ಆಮೇಲೆ ಓದಿದೆ. ಬೇಸಗೆಯ ಸೆಕೆಯಲ್ಲಿ ಬಟ್ಟೆಯೊಳಗಿಂದ ಗಾಳಿ ಆಡಿದರೆ ಸಾಕು, ವೈನು ತಾನಾಗಿಯೇ ಹುಳಿಯಾಗಬಹುದು, ಅದಕ್ಕೆ ಯಾರ ಲೋಟವೂ ಬೇಡ. ಈ ವಾದವನ್ನು ಎಷ್ಟು ಸಲ ನನ್ನೊಳಗೇ ಮಂಡಿಸಿ ಗೆದ್ದಿದ್ದೇನೋ. ಏರಿದ ಎರಡು ಬೆರಳಿಗೆ ಮಾತ್ರ ಅದರಲ್ಲಿ ಉತ್ತರ ಇರಲಿಲ್ಲ. ಆ ಮಾತನ್ನು ಬಾಯಮ್ಮ ಆಡಿರಲೇ ಇಲ್ಲ, ಅರೆಬರೆ ಕೊಂಕಣಿಯಲ್ಲಿ ನನಗೆ ಹಾಗೆ ಕೇಳಿಸಿತು ಎಂದು ತೀರ್ಮಾನಿಸಿಕೊಂಡೆ.

ಕಳೆದ ವರ್ಷ ಲೀನಾ ಟೀಚರನ್ನು ಮಾತಾಡಿಸಲು ಹೋದಾಗ ಸೆಲಿನಕ್ಕ ಅದೇ ಮನೆಯಲ್ಲಿದ್ದಾರೆಂದು ತಿಳಿಯಿತು. ಮುಂದಿನ ಭಾನುವಾರ ಹೋದೆ. ಗೇರುಗುಡ್ಡೆಯನ್ನು ಕಡಿದು ಸಮ ಮಾಡಿದ್ದಾರೆ. ನಾವು ಜಾರುತ್ತಿದ್ದ ಇಳಿಜಾರಿನಲ್ಲಿ ಫ್ಲ್ಯಾಟುಗಳ ಕಾರುಗಳು ಸಾಲಾಗಿ ನಿಂತಿವೆ.

"ಎಂತ ಮಾರಾಯ, ಹೊಟ್ಟೆ ಬಂದಿದೆ ನಿನಗೆ" ಎನ್ನುತ್ತ ಸೆಲಿನಕ್ಕ ಚಹಾ ಕೊಟ್ಟರು. ಚಹಾ ಆರುವವರೆಗೆ ಸುತ್ತುಬಳಸಿ ಮಾತಾಡಿ, ಕೊನೆಗೆ ಹೇಳಿದೆ: "ಆ ವರ್ಷ ಭರಣಿಗೆ ನೀರು ಹಾಕಿದ್ದು ನಾನಿರಬಹುದು ಅಂತ ಅನಿಸ್ತದೆ. ಖಚಿತ ಇಲ್ಲ."

"ನಿನಗೆ ಖಚಿತ ಇಲ್ವಾ? ನನಗೆ ಉಂಟು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಮತ್ತೆ ವೈನ್ ಮಾಡಲಿಲ್ವಾ?"

"ಮಾಂಯ್ ಮತ್ತೆ ಸೌಟು ನನ್ನ ಕೈಗೆ ಕೊಡಲಿಲ್ಲ. ಅವರು ಹೋದ ಮೇಲೆ ನನಗೆ ಬೇಡ ಅನಿಸಿತು. ಈಗ ಕ್ರಿಸ್ಮಸ್ಸಿಗೆ ಮಕ್ಕಳು ಅಂಗಡಿಯಿಂದ ತರ್ತಾರೆ." ಆರಿದ ಚಹಾವನ್ನು ನನ್ನತ್ತ ಸರಿಸುತ್ತ ಹೇಳಿದರು: "ವೈನ್ ಹೋಗ್ಲಿ. ನನ್ನ ತಮ್ಮ ಮತ್ತೆ ಈ ಅಂಗಳಕ್ಕೆ ಕಾಲಿಡಲಿಲ್ಲ. ಅವನೂ ಈಗ ಇಲ್ಲ."

ಗುಡ್ಡೆ ಹೋಯಿತು, ಗೇರುಹಣ್ಣಿನ ವಾಸನೆ ಹೋಯಿತು ಎಂದು ನಾನು ದಾರಿಯುದ್ದಕ್ಕೂ ಮರುಗುತ್ತ ಬಂದಿದ್ದೆ. ಅವನ್ನು ಯಾರೋ ತೆಗೆದರು. ಒಬ್ಬ ಅಕ್ಕನ ಮನೆಗೆ ಹಲಸಿನ ಹಣ್ಣು ಹೊತ್ತು ಬರುವ ತಮ್ಮನನ್ನು ತೆಗೆದದ್ದು ಒಂದು ಚೆಂಬು ನೀರು, ಮತ್ತು ಆಮೇಲಿನ ನನ್ನ ಮೌನ. ಕ್ಷಮಿಸಿ ಎಂದೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.

ತಿರುಗಿ ಬಂದಾಗ ಕೈಯಲ್ಲಿ ಆ ಮರದ ಸೌಟು ಇತ್ತು. ಅದನ್ನು ನನ್ನ ಮಡಿಲಲ್ಲಿಟ್ಟು, "ನೋಡು, ನೀನು ಓದಿದವ" ಎಂದರು. ಹಿಡಿಯಲ್ಲಿ ಎರಡು ಗೆರೆಗಳಿದ್ದವು. ಕೆಳಗಿನದು ನಾನು ಹೋದ ದಿನದ್ದು. ಮೇಲಿನದನ್ನು ಭರಣಿ ತೆರೆದ ದಿನ ಬಾಯಮ್ಮ ಕೊರೆದರಂತೆ, ಸೊಸೆಗೆ ಮರೆಯದಿರಲಿ ಎಂದು. ನಡುವೆ ನನ್ನ ಬೆರಳಿಟ್ಟು ನೋಡಿದೆ. ಸರಿಯಾಗಿ ಎರಡು.